ಕಠಿಣ ಮಾತಿನ ಐದು ಹೆಜ್ಜೆ

“ಮೊದಲು ಎದುರಿಗಿರೋರ ಕಣ್ಣು ನೋಡಿ,” ಎಂದಳು ತರಬೇತಿ ಕೊಡುವ ಹುಡುಗಿ. ಅವನು ಕೈಯಲ್ಲಿದ್ದ ಕಾರ್ಡು ನೋಡಿದ.

ಅದರಲ್ಲಿ ಐದು ಹೆಜ್ಜೆಗಳಿದ್ದವು. ಶಿಕ್ಷಕರೊಬ್ಬರನ್ನು ಕೆಲಸದಿಂದ ತೆಗೆಯುವುದಕ್ಕೆ ಐದೇ ಸಾಕಂತೆ. ಕಣ್ಣು ನೋಡಿ. ಒಂದೇ ವಾಕ್ಯದಲ್ಲಿ ಹೇಳಿ. ಕಾರಣ ಚರ್ಚಿಸಬೇಡಿ. ನಿಮ್ಮ ನೋವು ಅರ್ಥವಾಗುತ್ತದೆ ಎನ್ನಿ. ಧನ್ಯವಾದ ಹೇಳಿ ಏಳಿ. ಅವನೂ ಸೇರಿ ಹದಿನೇಳು ಶಾಲೆಗಳ ಮುಖ್ಯೋಪಾಧ್ಯಾಯರು ಒಂದನೆಯ ತರಗತಿಯ ಬೆಂಚುಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಕಾರ್ಡು ಎಲ್ಲರ ಬಳಿಯೂ ಇತ್ತು. ಆದರೂ ಬರೆದುಕೊಳ್ಳುತ್ತಿದ್ದರು. ಮಕ್ಕಳಿಗೆ ಬರೆಸಿ ಬರೆಸಿ ಅಂಟಿದ ರೋಗ.

ಎಲ್ಲರವೂ ಅವನ ಶಾಲೆಯಂಥವೇ. ಟೈರ್ ಅಂಗಡಿಯ ಮೇಲೆ ಎರಡು ಮಹಡಿ, ಆಟದ ಮೈದಾನವೆಂದರೆ ತಾರಸಿ, ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು. ಆ ಕಪಾಟನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ವಿಜ್ಞಾನದ ಟೀಚರ್ ಈಗ ಅವನ ಪಕ್ಕದಲ್ಲೇ ಕೂತಿದ್ದರು. ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರೂ ಬರಬೇಕೆಂದಿತ್ತು.

ಗುರುವಾರ ಶಾಲೆಯ ಚೇರ್ಮನ್ನರು ಅವನನ್ನು ಕರೆದು ಬಾಗಿಲು ಮುಂದೆ ಮಾಡಿಸಿದ್ದರು. “ಎರಡು ಸೆಕ್ಷನ್ ಒಂದು ಮಾಡ್ತಿದೀವಿ. ಪಾಠ ಟ್ಯಾಬ್‌ನಲ್ಲೇ ಬರುತ್ತೆ. ವಿಜ್ಞಾನದವರು ಇನ್ನು ಬೇಡ. ಶನಿವಾರ ಸಂಜೆಯೊಳಗೆ ನೀವೇ ಹೇಳಿಬಿಡಿ.”

“ಶನಿವಾರ ಅವರು ತರಬೇತಿಗೆ ಬರ್ತಿದಾರಲ್ಲ ಸರ್.”

“ಹೆಸರು ಮೊದಲೇ ಕೊಟ್ಟಾಗಿದೆ. ತಲೆ ಎಣಿಕೆಗೆ ಒಬ್ಬರು ಬೇಕಲ್ಲ.”

ಗುರುವಾರ ಅವನು ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಇಂದು ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು, “ಇವತ್ತಾದ್ರೂ ಹೇಳ್ತೀರಾ?” ಎಂದಳು.

“ನೋಡೋಣ.”

“ನೋಡೋದೇನಿದೆ? ನಮ್ಮ ಪುಟ್ಟಿಗೆ ಪಾಠ ಹೇಳಿದವರು. ಬೇರೆಯವರ ಬಾಯಿಂದ ಕೇಳೋ ಹಾಗಾಗಬಾರದು.”

ಅವನು ಬಗ್ಗಿ ಷೂ ದಾರ ಕಟ್ಟಿಕೊಂಡ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ.

ಬಸ್ಸಿನಲ್ಲಿ ಟೀಚರ್ ಉಲ್ಲಾಸದಲ್ಲಿದ್ದರು. “ಕೆಲಸದಿಂದ ತೆಗೆಯೋ ಹಾಗಿದ್ರೆ ಯಾರಾದ್ರೂ ತರಬೇತಿಗೆ ಕಳಿಸ್ತಾರಾ ಸರ್? ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನನ್ನ ಕಳಿಸಿದಾರೆ. ಮಗಳು ಹತ್ತನೇ ಕ್ಲಾಸ್ ಮುಗಿಸೋವರೆಗೆ ಇನ್ನು ಚಿಂತೆ ಇಲ್ಲ.” ಮಗಳು ಅದೇ ಶಾಲೆಯ ಎಂಟನೆಯ ತರಗತಿ, ಟೀಚರ ಮಗಳೆಂದು ಫೀಸಿಲ್ಲ. ಅವನು ಕಿಟಕಿಯ ಹೊರಗೆ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ಈಗ ಯಾರಾದ್ರೂ ಇಬ್ಬರು ಬಂದು ಇದನ್ನ ಅಭಿನಯಿಸಿ ತೋರಿಸ್ತೀರಾ?” ಎಂದಳು ತರಬೇತಿ ಕೊಡುವ ಹುಡುಗಿ.

ಟೀಚರ್ ಕೈಯೆತ್ತಿದರು. “ನಾನೂ ನಮ್ಮ ಸರ್ರೂ ಮಾಡ್ತೀವಿ.”

ಎರಡು ಕುರ್ಚಿ ಎದುರುಬದುರು. ಆಗ ಥಟ್ಟನೆ ಹೊಳೆಯಿತು: ಇಲ್ಲೇ ಹೇಳಿಬಿಟ್ಟರೆ? ಹೇಳಿದಂತೆಯೂ ಆಗುತ್ತದೆ, ಹೇಳದಂತೆಯೂ. ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಎದೆ ಹಗುರಾಯಿತು.

“ಟೀಚರ್, ಮುಂದಿನ ತಿಂಗಳಿಂದ ನೀವು ಬರೋದು ಬೇಡ.”

“ನನ್ನ ತಪ್ಪೇನು ಸರ್?”

“ಅದನ್ನ ಈಗ ಮಾತಾಡೋದು ಬೇಡ.”

“ಮಗಳು ನಮ್ಮಲ್ಲೇ ಓದ್ತಿದಾಳಲ್ಲ ಸರ್.”

ಕಾರ್ಡಿನಲ್ಲಿ ಮಗಳಿರಲಿಲ್ಲ. “ನಿಮ್ಮ ನೋವು ನನಗೆ ಅರ್ಥವಾಗುತ್ತೆ,” ಎಂದ.

ಟೀಚರ್ ಕಣ್ಣೊರೆಸಿಕೊಂಡರು. ನಿಜವಾಗಿಯೇ ನೀರು ಬಂದಿತ್ತು. ಬೆಂಚುಗಳಿಂದ ಚಪ್ಪಾಳೆ ಎದ್ದಿತು, ಟೀಚರ್ ನಕ್ಕುಬಿಟ್ಟರು.

ಟೀ ವಿರಾಮದಲ್ಲಿ ಅವರೇ ಬಂದರು. “ನಿಮಗೆ ನಾಟಕ ಬರುತ್ತೆ ಅಂತ ಗೊತ್ತೇ ಇರಲಿಲ್ಲ ಸರ್.”

“ನಾನು ನಾಟಕ ಮಾಡಲಿಲ್ಲ ಟೀಚರ್.”

“ಅದೇ ಮತ್ತೆ, ಅಷ್ಟು ಸಹಜವಾಗಿತ್ತು,” ಎಂದು ಅವನ ಕೈಗೆ ಎರಡು ಬಿಸ್ಕತ್ತು ಕೊಟ್ಟು ಹೋದರು.

ಆಗಲೇ ಚೇರ್ಮನ್ನರ ಫೋನು. “ಹೇಳಿದ್ರಾ?”

“ಹೇಳಿದೆ.”

“ಹೇಗೆ ತಗೊಂಡ್ರು?”

“ನಕ್ಕರು.”

“ಒಳ್ಳೇದಾಯ್ತು ಬಿಡಿ. ನೀವು ಸುಮ್ಮನೆ ಹೆದರ್ತಿದ್ರಿ.”

ಅವನು ಒಂದೂ ಸುಳ್ಳು ಹೇಳಿರಲಿಲ್ಲ. ಬಿಸ್ಕತ್ತು ಮಾತ್ರ ತಿನ್ನದೆ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಎಲ್ಲರ ಅಭ್ಯಾಸ. “ಮೇಡಂ ಎಷ್ಟು ಚೆನ್ನಾಗಿ ಮಾಡ್ತಾರೆ, ಎಲ್ಲರೂ ಇವರ ಮುಂದೇನೇ ಕಲೀರಿ,” ಎಂದಳು ಹುಡುಗಿ. ಉಳಿದ ಹದಿನಾರು ಮುಖ್ಯೋಪಾಧ್ಯಾಯರು ಕಾರ್ಡು ಹಿಡಿದು, ತಮ್ಮ ಮಕ್ಕಳು ಎಂದೂ ನಿಲ್ಲದಷ್ಟು ನೇರವಾಗಿ ಸಾಲು ನಿಂತರು. ಒಬ್ಬೊಬ್ಬರೇ ಬಂದು ಕೂತು ಟೀಚರನ್ನು ಕೆಲಸದಿಂದ ತೆಗೆದರು. ಟೀಚರ್ ಒಬ್ಬರಿಗೆ ಮಗಳ ವಿಷಯ ಹೇಳಿದರು, ಇನ್ನೊಬ್ಬರಿಗೆ ಹಾಸಿಗೆ ಹಿಡಿದ ಅತ್ತೆಯ ವಿಷಯ. ಎರಡೂ ನಿಜವೆಂದು ಅವನೊಬ್ಬನಿಗೇ ಗೊತ್ತಿತ್ತು. ಪ್ರತಿಸಲವೂ ಕಣ್ಣೊರೆಸಿಕೊಂಡು, ತರಗತಿಯಲ್ಲಿ ಕರೆಯುವ ಹಾಗೆ, “ಮುಂದಿನವರು ಬನ್ನಿ,” ಎನ್ನುತ್ತಿದ್ದರು.

ಅವನು ಗೋಡೆಗೊರಗಿ ನೋಡುತ್ತಿದ್ದ. ಸಂಜೆ ಬಸ್ಸಿನಲ್ಲಿ ಹೇಳಬಹುದು ಎಂದುಕೊಂಡ. ಬಸ್ಸಿನಲ್ಲಿ ತಾನು ಕಿಟಕಿಯ ಹೊರಗೆ ನೋಡುತ್ತೇನೆ ಎಂಬುದೂ ಗೊತ್ತಿತ್ತು. ತನ್ನ ಮೇಲೆ ಅವನಿಗೆ ಹೇಸಿಗೆಯಾಯಿತು. ಏಳನೆಯವರು ಎದ್ದಾಗ ಸಾಲಿನೊಳಗೆ ನುಗ್ಗಿದ.

“ನಿಮ್ಮದಾಯ್ತಲ್ಲ ಸರ್?” ಎಂದರು ಹಿಂದಿನವರು.

“ಇನ್ನೊಂದ್ಸಲ.”

ಟೀಚರ್ ಅವನನ್ನು ಕಂಡು ನಕ್ಕರು. “ನಿಮಗೆ ಬರುತ್ತಲ್ಲ ಸರ್, ಮತ್ತೆ ಯಾಕೆ?”

ಅವನು ಕಾರ್ಡನ್ನು ನೆಲಕ್ಕೆ ಹಾಕಿದ. ಅವರ ಕಣ್ಣು ನೋಡಿದ. “ಟೀಚರ್, ಇದು ನಿಜ. ಗುರುವಾರವೇ ತೀರ್ಮಾನ ಆಗಿದೆ. ನಾನು ಹೇಳಬೇಕಿತ್ತು, ಧೈರ್ಯ ಬರಲಿಲ್ಲ.”

ಬೆಳಿಗ್ಗೆಗಿಂತ ಜೋರಾದ ಚಪ್ಪಾಳೆ ಎದ್ದಿತು.

“ನೋಡಿದ್ರಾ,” ಎಂದಳು ಹುಡುಗಿ, “ಸರ್ ತಮ್ಮದೇ ಒಂದು ಹೆಜ್ಜೆ ಸೇರಿಸಿದ್ರು.” ಬೋರ್ಡಿನ ಮೇಲೆ ಐದರ ಕೆಳಗೆ ಆರು ಎಂದು ಹಾಕಿ, ‘ಇದು ನಿಜ ಎನ್ನಿ’ ಎಂದು ಬರೆದಳು. ಬೆಂಚುಗಳಲ್ಲಿದ್ದವರು, ಸಾಲಿನಲ್ಲಿದ್ದವರು ಎಲ್ಲರೂ ಅದನ್ನು ಬರೆದುಕೊಂಡರು.

ಟೀಚರ್ ಅಳಲಿಲ್ಲ, ನಗಲಿಲ್ಲ. ತಪ್ಪೇನೆಂದು ಕೇಳಲೂ ಇಲ್ಲ.

“ಏಳಿ ಸರ್, ನಾವೂ ಮಾಡಬೇಕು,” ಎಂದು ಹಿಂದಿನವರು ಭುಜ ಮುಟ್ಟಿದರು. ಅವನು ಎದ್ದು ಗೋಡೆಯ ಬಳಿ ಹೋಗಿ ನಿಂತ. ಅವರು ಕೂತು, ಗಂಟಲು ಸರಿಮಾಡಿಕೊಂಡು, “ಟೀಚರ್, ಇದು ನಿಜ,” ಎಂದರು.

ಟೀಚರ್ ಎದುರು ಕೂತವರ ತಲೆಯ ಮೇಲಿಂದ ಅವನನ್ನೇ ನೋಡುತ್ತಿದ್ದರು. ಉತ್ತರಕ್ಕೆ ಕಾದು ಕಾದು ಆ ಮುಖ್ಯೋಪಾಧ್ಯಾಯರು ಧನ್ಯವಾದ ಹೇಳಿ ಎದ್ದರು. ಇನ್ನೊಬ್ಬರು ಬಂದು ಕೂತರು.

“ಟೀಚರ್, ಇದು ನಿಜ.”

ಸಾಲಿನಲ್ಲಿ ಇನ್ನೂ ಏಳು ಜನ ಇದ್ದರು.