ಚೊಕ್ಕ ಹೆಸರು

ಎರಡು ಬ್ರೆಡ್ಡಿಗೆ ಕಾರ್ಡು ಚಾಚಿದ್ದಕ್ಕೆ ಬೇಕರಿಯವನು ಇವತ್ತೂ ಮುಖ ಸಿಂಡರಿಸಿದ. ಎಡಿವಾನ್‌ನ ಜೇಬಿನಲ್ಲಿ ಚಿಲ್ಲರೆ ಇತ್ತು. ಇದೆಯೆಂದು ಬೇಕರಿಯವನಿಗೂ ಗೊತ್ತಿತ್ತು. ಆದರೆ ಚಿಲ್ಲರೆ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕಾರ್ಡಿನಲ್ಲಿ ಕೊಟ್ಟರೆ, ಎಡಿವಾನ್ ಎಂಬವನೊಬ್ಬ ಬೆಳಗ್ಗೆ ಆರೂವರೆಗೆ ಬ್ರೆಡ್ಡು ಕೊಂಡ, ಬಿಲ್ಲು ಬಂದ ದಿನವೇ ತೀರಿಸಿದ ಎಂದು ಯಾರೋ ಎಲ್ಲೋ ಬರೆದಿಟ್ಟುಕೊಳ್ಳುತ್ತಾರೆ. ಆ ಯಾರೋ ಯಾರೆಂದು ಅವನಿಗೆ ತಿಳಿಯದು. ಎರಡು ವರ್ಷದಿಂದ ಅವನು ಬದುಕುತ್ತಿದ್ದದ್ದು ಅವರ ಕಣ್ಣೆದುರಿಗೆ.

ಎರಡು ವರ್ಷದ ಹಿಂದೆ ಅವನ ಕ್ರೆಡಿಟ್ ಸ್ಕೋರ್ ಸಾವಿರಕ್ಕೆ ಇನ್ನೂರ ತೊಂಬತ್ತು. ಸಾಲ ಮಾಡಿ ಕೆಟ್ಟದ್ದಲ್ಲ. ಸಾಲವನ್ನೇ ಮಾಡಿರಲಿಲ್ಲ, ಅದೇ ತಪ್ಪಾಗಿತ್ತು. ತತ್ವಶಾಸ್ತ್ರದಲ್ಲಿ ಪದವಿ ಪಡೆದವನಿಗೆ ಇದು ತಲೆಗೆ ಹತ್ತಲು ಒಂದು ವಾರ ಹಿಡಿಯಿತು. ಹತ್ತಿದ ಮೇಲೆ ಒಂದು ಕಾರ್ಡು ಮಾಡಿಸಿದ, ಮನೆಯ ಕರೆಂಟು ಬಿಲ್ಲನ್ನು ತನ್ನ ಹೆಸರಿಗೆ ತಿರುಗಿಸಿಕೊಂಡ, ಮಾತ್ರೆ ಕೊಳ್ಳುವಾಗಲೂ, ಅದು ತನ್ನ ಲೆಕ್ಕಕ್ಕೆ ಸೇರಲೆಂದು, ತೆರಿಗೆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳತೊಡಗಿದ. ಗೆಳೆಯರು ಬಿಯರಿಗೆ ಕರೆದರೆ ಲೆಕ್ಕ ಹಾಕಿದ. ಅವರು ಕರೆಯುವುದನ್ನು ಬಿಟ್ಟರು. ಈಗ ಅವನ ಅಂಕ ಎಂಟುನೂರ ಹನ್ನೊಂದು.

ಮನೆಗೆ ಬಂದರೆ ಚಿಕ್ಕಮ್ಮ ಲಿಂದಾಲ್ವ ಅಡುಗೆಮನೆಯ ನೆಲದ ಮೇಲೆ ಕೂತು ಕುಪುವಾಸು ಹಣ್ಣಿನ ರಸವನ್ನು ಪ್ಲಾಸ್ಟಿಕ್ ಕೊಳವೆಗಳಿಗೆ ತುಂಬಿ ಗಂಟು ಹಾಕುತ್ತಿದ್ದಳು. ಹೆಪ್ಪುಗಟ್ಟಿಸಿ ಕಿಟಕಿಯಲ್ಲಿ ಮಾರುವುದು ಅವಳ ಜೀವನ. ತಾಯಿ ಸತ್ತಾಗ ಒಂಬತ್ತು ವರ್ಷದವನಾಗಿದ್ದ ಎಡಿವಾನ್‌ನನ್ನು ಸಾಕಿದ್ದು, ಓದಿಸಿದ್ದು ಈ ಐಸಿನಿಂದಲೇ. ಹಳೆಯ ಫ್ರಿಜ್ಜು ಈಗ ಬೆಲೆಂ ನಗರದ ಸೆಕೆಗೆ ಸೋತು, ಮಧ್ಯಾಹ್ನದ ಹೊತ್ತಿಗೆ ಐಸನ್ನು ಮತ್ತೆ ರಸ ಮಾಡಿಡುತ್ತಿತ್ತು.

ಹೊಸ ಫ್ರೀಜರು ನೋಡಿ ಬಂದಿದ್ದೇನೆ, ಹನ್ನೆರಡು ಕಂತು ಅಂದಳು. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಮುಂದಿನ ಮಾತು ಏನೆಂದು ಗೊತ್ತಿತ್ತು.

"ನಿನ್ ಹೆಸ್ರು ಒಂದ್ಸಲ ಕೊಡು ಮಗ. ತಿಂದು ಹಾಕಲ್ಲ, ವಾಪಸ್ ಕೊಡ್ತೀನಿ."

ಆ ಓಣಿಯಲ್ಲಿ ಕಂತಿನ ಸಾಲಕ್ಕೆ ಇನ್ನೊಬ್ಬರ ಹೆಸರು ಕೇಳುವುದು ಒಂದು ಲೋಟ ಸಕ್ಕರೆ ಕೇಳಿದಷ್ಟೇ ಸಹಜ. ಅವಳ ಹೆಸರು ಹನ್ನೊಂದು ವರ್ಷದಿಂದ ಕೊಳೆಯಾಗಿತ್ತು. ತಮ್ಮ ವಾಲ್ದೆಸಿಗೆ ಮೋಟಾರ್ ಸೈಕಲ್ ಕೊಳ್ಳಲು ಹೆಸರು ಕೊಟ್ಟಿದ್ದಳು. ಮೂರು ಕಂತು ಕಟ್ಟಿ ಅವನು ದೂರದ ಮಾನೌಸ್ ನಗರಕ್ಕೆ ಹೋದ, ಮೋಟಾರ್ ಸೈಕಲ್ಲೂ ಹೋಯಿತು. ಆ ಹೆಸರಿಗೆ ಈಗ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಯಾರೂ ಕೊಡುವುದಿಲ್ಲ.

"ಅಂಗಡಿಯವ್ರು ನನ್ ಹೆಸ್ರು ವಿಚಾರಿಸಿದ್ರೆ ಸಾಕು, ಅಂಕ ಇಳಿಯುತ್ತೆ" ಅಂದ.

"ಎಷ್ಟು ಇಳಿಯುತ್ತೆ?"

"ಗೊತ್ತಿಲ್ಲ."

"ಇಳಿದ್ರೆ ಹತ್ತಲ್ವಾ? ಮೆಟ್ಲೇನ್ ಕಿತ್ಕೊಂಡ್ ಹೋಗ್ತಾರಾ?"

ಈ ತಿಂಗಳು ಬೇಡ ಅಂದ. ಅವಳು ಒತ್ತಾಯಿಸಲಿಲ್ಲ. ಕೊಳವೆಯೊಂದನ್ನು ಬಾಯಿಂದ ಊದಿ ಅಗಲಿಸಿ, ಫ್ರೀಜರು ಇನ್ನೆಲ್ಲಿ ಓಡಿಹೋಗುತ್ತೆ, ಅದಕ್ಕೆ ಕಾಲಿದೆಯೇ ಎಂದಳು. ಆ ಸಲೀಸು ಅವನನ್ನು ಚುಚ್ಚಿತು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಈ ತಿಂಗಳು ಯಾಕೆ ಬೇಡ ಎಂಬುದನ್ನು ಮಾತ್ರ ಹೇಳಲಿಲ್ಲ. ಅವನು ಒಂದು ಕೋಣೆಯ ಬಾಡಿಗೆ ಮನೆ ಗೊತ್ತುಮಾಡಿಕೊಂಡಿದ್ದ. ಅದರ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು, ಆದರೆ ಬಾಗಿಲಿಗೆ ಚಿಲಕವಿತ್ತು. ಇಪ್ಪತ್ತೇಳು ವರ್ಷದ ಅವನು ಇನ್ನೂ ಮುಂದಿನ ಕೋಣೆಯ ಜೋಲಿಯಲ್ಲೇ ಮಲಗುತ್ತಿದ್ದ. ಐಸು ಬೇಕಾದವರು ಅವನ ತಲೆಯ ಮೇಲಿನ ಕಿಟಕಿಯನ್ನೇ ತಟ್ಟುತ್ತಿದ್ದರು. ಚಿಲಕವಿರುವ ಬಾಗಿಲಿಗಾಗಿ ಅವನು ಎರಡು ವರ್ಷ ಕಾರ್ಡಿನಲ್ಲಿ ಬ್ರೆಡ್ಡು ತಿಂದಿದ್ದ. ಅದು ಸಿಗುತ್ತದೋ ಇಲ್ಲವೋ ಎಂದು ಇವತ್ತು ಮೂರು ಗಂಟೆಗೆ ತೀರ್ಮಾನವಾಗಬೇಕಿತ್ತು.

ಅವನ ಕೆಲಸ ನೋಟರಿ ಕಚೇರಿಯಲ್ಲಿ. ಜನ ತಂದ ಕಾಗದದ ಸಹಿಯನ್ನು ಕಡತದ ಸಹಿಗೆ ಹೋಲಿಸಿ, ಇದು ಇವರದೇ ಎಂದು ಮುದ್ರೆ ಒತ್ತುವುದು. ಎದುರಿಗೆ ನಿಂತವರ ಮುಖ ನೋಡುವ ಅಗತ್ಯವಿಲ್ಲ. ಮಧ್ಯಾಹ್ನದವರೆಗೆ ಎಪ್ಪತ್ತು ಜನರನ್ನು ಅವರವರೇ ಎಂದು ಒಪ್ಪಿಕೊಂಡ. ಹುರಿದ ಮೀನು, ಹಿಟ್ಟು ಕಲಸಿದ ಅಸಾಯಿ ಹಣ್ಣಿನ ತಿರುಳು ತಿಂದು ಕಾರ್ಡು ಕೊಟ್ಟ. ಎರಡೂವರೆಗೆ ಹಲ್ಲುನೋವು ಎಂದು ಹೇಳಿ ಹೊರಟ.

ಬಾಡಿಗೆ ಮನೆ ಕೊಡಿಸುವ ಕಚೇರಿಯಲ್ಲಿ ಜುಸ್ಸಾರ ಎಂಬ ಹೆಂಗಸು ಅವನ ಸಂಖ್ಯೆಯನ್ನು ಕಂಪ್ಯೂಟರಿಗೆ ಹೊಡೆದಳು. ಅವಳ ಹುಬ್ಬು ಮೇಲೇರಿತು. ಈ ವಯಸ್ಸಿನವರಲ್ಲಿ ಇಂಥ ಅಂಕ ನೋಡಿ ಎಷ್ಟೋ ಕಾಲವಾಯಿತು ಅಂದಳು, ಪಕ್ಕದ ಮೇಜಿನವಳನ್ನೂ ಕರೆದು ತೋರಿಸಿದಳು. ಎಡಿವಾನ್‌ಗೆ ನಾಚಿಕೆಗೆಡುವಷ್ಟು ಸಂತೋಷವಾಯಿತು. ಅವನನ್ನು ಯಾರಾದರೂ ಹೊಗಳಿ ಬಹಳ ದಿನವಾಗಿತ್ತು.

ಎಲ್ಲ ಸರಿಯಿದೆ, ಇನ್ನೊಂದು ಶಾಸ್ತ್ರ ಬಾಕಿ ಎಂದಳು. ಅರ್ಜಿಯಲ್ಲಿ, ನಿಮ್ಮನ್ನು ಬಲ್ಲವರು ಎಂಬಲ್ಲಿ ಅವನು ಚಿಕ್ಕಮ್ಮನ ನಂಬರು ಬರೆದಿದ್ದ. ಬೇರೆ ಯಾವ ನಂಬರೂ ಹೊಳೆದಿರಲಿಲ್ಲ. ಅವಳಿಗೆ ಹೇಳಿರಲಿಲ್ಲ. ಇಷ್ಟು ಬೇಗ, ತನ್ನೆದುರಿಗೇ ಫೋನು ಮಾಡುತ್ತಾರೆ ಎಂದುಕೊಂಡಿರಲೂ ಇಲ್ಲ. ಜುಸ್ಸಾರ ಸ್ಪೀಕರು ಹಾಕಿದಳು.

"ನಮಸ್ಕಾರ. ಎಡಿವಾನ್ ಅನ್ನೋರು ನಿಮಗೆ ಪರಿಚಯಾನಾ?"

ಅತ್ತಲಿಂದ ಹಳೆಯ ಫ್ರಿಜ್ಜಿನ ಗೊರಗೊರ ಕೇಳಿತು. ಆಮೇಲೆ ಚಿಕ್ಕಮ್ಮನ ದನಿ, ತೀರಾ ಮೃದುವಾಗಿ.

"ಅಯ್ಯೋ ತಾಯಿ, ಅವನು ಹೋಗಿ ಎರಡು ವರ್ಷ ಆಯ್ತಲ್ಲ."

"ಎಲ್ಲಿಗೆ?"

"ಮಣ್ಣಿಗೆ. ಇನ್ನೆಲ್ಲಿಗೆ."

ಜುಸ್ಸಾರ ಅವನನ್ನು ನೋಡಿದಳು. ಅವನು ಮೇಜನ್ನು ನೋಡಿದ. ವಾಲ್ದೆಸಿ ಹೋದಂದಿನಿಂದ ಆ ಮನೆಯಲ್ಲಿ ಅದೊಂದು ನಿಯಮ. ಗೊತ್ತಿಲ್ಲದ ದನಿ ಹೆಸರು ಹಿಡಿದು ವಿಚಾರಿಸಿದರೆ ಅದು ಸಾಲ ವಸೂಲಿಯವರದು. ಅವರು ಯಾರನ್ನು ಕೇಳುತ್ತಾರೋ ಅವರು ಸತ್ತಿರಬೇಕು. ಹದಿನಾರು ವಯಸ್ಸಿನಲ್ಲಿ ಎಡಿವಾನ್ ಇದೇ ಫೋನಿನಲ್ಲಿ ಚಿಕ್ಕಮ್ಮನನ್ನು ಎರಡು ಸಲ ಸಾಯಿಸಿದ್ದ. ಒಮ್ಮೆ ಸಕ್ಕರೆ ಕಾಯಿಲೆಯಿಂದ, ಒಮ್ಮೆ ದೋಣಿ ಮಗುಚಿ. ಅವಳು ಪಕ್ಕದಲ್ಲಿ ಕೂತು ಬಾಯಿಗೆ ಅಂಗೈ ಒತ್ತಿ ನಕ್ಕಿದ್ದಳು.

"ಜ್ವರ ಅಂತ ಮಲಗ್ದ, ಏಳ್ಲೇ ಇಲ್ಲ" ಎಂದು ದನಿ ಮುಂದುವರಿಯಿತು. "ಬಂಗಾರದಂಥ ಹುಡ್ಗ. ಯಾರಿಗೂ ಒಂದ್ ಕಾಸು ಬಾಕಿ ಇಟ್ಟೋನಲ್ಲ. ಏನಾದ್ರೂ ಇದ್ರೆ ಅವನ ಜೊತೆಗೇ ಹೋಯ್ತು ಅಂತ ಬರ್ಕೊಳ್ಳಿ. ಅವನನ್ನ ಬಿಟ್ಬಿಡಿ."

ಬೆಳಗಿನ ಕೋಪ ಇದರಲ್ಲಿ ಎಷ್ಟಿದೆ ಎಂದು ಎಡಿವಾನ್ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಅವನನ್ನು ಕಾಪಾಡುತ್ತಿದ್ದಳು.

ಜುಸ್ಸಾರ ಫೋನನ್ನು ಅವನತ್ತ ತಳ್ಳಿದಳು.

"ಚಿಕ್ಕಮ್ಮ, ನಾನು" ಅಂದ.

"ಯಾರು?"

"ನಾನೇ, ಎಡಿವಾನ್. ಬದ್ಕಿದೀನಿ."

ಅವನ ದನಿ ಕಚೇರಿಯ ದನಿಯಾಗಿತ್ತು, ಮುದ್ರೆ ಒತ್ತುವಾಗಿನದು. ಅವನಿಗೇ ಅದು ಕೇಳಿಸಿತು.

"ಈಗ ಸತ್ತವ್ರ ದನಿನೂ ಮಾಡೋಕ್ ಕಲ್ತ್ರಾ? ನಿಮ್ಗೂ ಮಕ್ಳಿರ್ತಾವೆ ಕಣಪ್ಪ" ಎಂದು ಅವಳು ಫೋನಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ತನ್ನ ಫೋನಿನಿಂದ ಮಾಡಿದರೂ ಎತ್ತಲಿಲ್ಲ. ಮೋಸಗಾರರು ಪರಿಚಿತ ನಂಬರಿನಿಂದಲೂ ಕರೆ ಮಾಡಬಲ್ಲರು ಎಂದು ಅವಳಿಗೆ ಹೋದ ತಿಂಗಳು ಬಿಡಿಸಿ ಹೇಳಿದ್ದವನು ಅವನೇ.

ಜುಸ್ಸಾರ ನಗಲಿಲ್ಲ. ನಕ್ಕಿದ್ದರೆ ಅವನೂ ನಗುತ್ತಿದ್ದ.

"ನೀವು ಬದ್ಕಿರೋದು ನನಗೆ ಕಾಣ್ತಾ ಇದೆ" ಅಂದಳು. "ಆದ್ರೆ ಹೇಳೋಕೆ ಒಬ್ರು ಬೇಕಲ್ಲ. ಬೇರೆ ಯಾರಾದ್ರೂ? ಸ್ನೇಹಿತರು?"

ನಾಲ್ಕು ಗಂಟೆಗೆ ಇನ್ನೊಬ್ಬರು ಇದೇ ಬಾಡಿಗೆ ಮನೆಗಾಗಿ ಇಲ್ಲಿಗೆ ಬರುವವರಿದ್ದಾರೆ, ಅಷ್ಟರೊಳಗೆ ಒಂದು ನಂಬರು ಕೊಟ್ಟರೆ ಸಾಕು, ಸಹಿ ಮಾಡಿಸಿಬಿಡುತ್ತೇನೆ ಎಂದೂ ಹೇಳಿದಳು.

ಫೋನಿನಲ್ಲಿ ಹೆಸರುಗಳು ಬೇಕಾದಷ್ಟಿದ್ದವು. ಕಾರ್ಡಿನ ಕಂಪನಿ. ಬ್ಯಾಂಕು. ಮತ್ತೆ ಬ್ಯಾಂಕು. ಬಿಯರಿಗೆ ಕರೆಯುತ್ತಿದ್ದ ಒಬ್ಬನ ಹೆಸರಿನ ಮೇಲೆ ಬೆರಳು ನಿಂತಿತು. ಅವನು ಎತ್ತಿದರೂ ಏನು ಹೇಳಿಯಾನು? ಬೆಳಕು ಚೆನ್ನಾಗಿದ್ದರೆ ಹೊಳೆದೀತು ಎಂಬಂತೆ ಎಡಿವಾನ್ ಎದ್ದು ಕಿಟಕಿಯ ಹತ್ತಿರ ಹೋದ. ಅಲ್ಲಿಯೂ ಅವೇ ಹೆಸರುಗಳು.

ತಿರುಗಿ ನೋಡಿದಾಗ ನಾಲ್ಕು ಗಂಟೆಯವಳು ಬಂದಿದ್ದಳು. ದಪ್ಪನೆಯ ಹೆಂಗಸು, ಕಂಕುಳಲ್ಲಿ ಫೈಲು. ಅವನ ಕುರ್ಚಿ ತೋರಿಸಿ ಅವನನ್ನೇ ಕೇಳಿದಳು.

"ಇಲ್ಲಿ ಯಾರಾದ್ರೂ ಇದಾರಾ?"

ಎಡಿವಾನ್ ಕುರ್ಚಿಯನ್ನು ನೋಡಿದ.

"ಇಲ್ಲ" ಅಂದ.

ಅವಳು ಕೂರಲು ಹೋಗಿ, ಅಂಗೈಯಿಂದ ಆಸನವನ್ನು ಮುಟ್ಟಿ, ಕೈ ಹಿಂದೆಳೆದುಕೊಂಡಳು. ಇನ್ನೊಬ್ಬರ ಮೈಬಿಸಿಯ ಮೇಲೆ ಕೂತರೆ ರೋಗ ಹತ್ತುತ್ತದೆಂದು ಆ ಊರಿನ ನಂಬಿಕೆ. ಬಸ್ಸಿನಲ್ಲೂ ಜನ ಖಾಲಿಯಾದ ಆಸನ ತಣ್ಣಗಾಗಲೆಂದು ಹಾಗೇ ನಿಂತಿರುತ್ತಾರೆ. ಅವಳು ಫೈಲನ್ನು ಬೀಸಣಿಗೆ ಮಾಡಿ ಆಸನಕ್ಕೆ ನಾಲ್ಕು ಸಲ ಗಾಳಿ ಹಾಕಿದಳು. ಮತ್ತೆ ಮುಟ್ಟಿ ನೋಡಿದಳು. ಅವಸರವೇನಿಲ್ಲ ಎಂದು ಜುಸ್ಸಾರಳಿಗೆ ಹೇಳಿದಳು.

ಎಡಿವಾನ್ ಹೊರಡಲಿಲ್ಲ. ಕುರ್ಚಿಯ ಇನ್ನೊಂದು ಪಕ್ಕಕ್ಕೆ ಬಂದು, ಅದು ತಣ್ಣಗಾಗುವುದನ್ನು ಅವಳ ಜೊತೆ ಕಾಯುತ್ತ ನಿಂತ.