ಗೋರಿಗೆ ಒರಗಿದ ಗಿಣಿಮೂಗಿನವನು

ರೋಮಿನ ಚಿತ್ರಗಾರರ ಕೇರಿಯಲ್ಲಿ ಒಂದು ಚಿತ್ರಕ್ಕೆ ಇಬ್ಬರು ಕೈ ಹಾಕುವುದು ಹೊಸದೇನಲ್ಲ. ಬೆಟ್ಟ, ಮುಗಿಲು, ಮುರಿದ ಕಂಬ, ಪಾಳುಬಿದ್ದ ಗುಡಿ ಇವೆಲ್ಲ ಸಿಲ್ವೇರಿಯೊನ ಪಾಲು. ಅವು ಒಣಗಿದ ಮೇಲೆ ಅಲ್ಲಿಗೆ ಮನುಷ್ಯರನ್ನೂ ಮೇಕೆಗಳನ್ನೂ ತಂದು ಬಿಡುವುದು ತದ್ದೇಯೊನ ಪಾಲು. ನಲವತ್ತು ವರ್ಷ ಹೀಗೇ ನಡೆದಿತ್ತು. ಸಿಲ್ವೇರಿಯೊಗೆ ಮನುಷ್ಯರ ಕೈಕಾಲು ಬರೆಯಲು ಬಾರದು, ತದ್ದೇಯೊಗೆ ಒಂದು ಮರ ನೆಟ್ಟಗೆ ನಿಲ್ಲಿಸಲು ಬಾರದು. ಜಗಳದಲ್ಲಿ ಮಾತ್ರ ಇಬ್ಬರೂ ಗಟ್ಟಿಗರೇ.

ಅಂದು ಬೆಳಿಗ್ಗೆ, ಚರ್ಚಿನ ಹಿರಿಯ ಗುರುಗಳಾದ ಕಾರ್ಡಿನಲರ ಮನೆಗೆ ಹೋಗಬೇಕಿದ್ದ ಚಿತ್ರದ ಮುಂದೆ ನಿಂತ ಸಿಲ್ವೇರಿಯೊನ ಎದೆ ಧಸಕ್ಕೆಂದಿತು. ಮುರಿದ ಕಂಬಗಳ ನಡುವಿನ ಹಳೇ ಗೋರಿಗೆ ಒರಗಿ ಒಬ್ಬ ಮುದುಕ ಕೂತಿದ್ದ. ಬೆರಳುದ್ದದ ಆಳು, ಆದರೆ ಅಂಥ ಗಿಣಿಮೂಗು ಇಡೀ ರೋಮಿನಲ್ಲಿ ಒಬ್ಬನಿಗೇ ಇತ್ತು.

“ಲೋ ತದ್ದೇಯೊ! ಇದು ನಾನಲ್ವೇನೋ?”

“ಮತ್ತಿನ್ಯಾರು? ನಿಜಕ್ಕಿಂತ ಚೆನ್ನಾಗೇ ಬಂದಿದ್ದೀಯ.”

“ಹಾಳಾದವ್ನೇ! ರೊಟ್ಟಿ ಸುಡೋ ಒನೋಫ್ರಿಯೊನನ್ನ ಚಿತ್ರದಲ್ಲಿ ಹೀಗೇ ಗೋರಿ ಪಕ್ಕ ಕೂರಿಸ್ದೆ, ವರ್ಷದೊಳಗೆ ಹೋದ. ಕ್ಷೌರದ ಪ್ರೊಸ್ಪೆರೊನ ಕೂರಿಸ್ದೆ, ಅವ್ನೂ ಹೋದ. ಈಗ ನನ್ನ ಮೇಲೆ ಬಿತ್ತಾ ನಿನ್ನ ಕಣ್ಣು?”

“ಒನೋಫ್ರಿಯೊಗೆ ತೊಂಬತ್ತಾಗಿತ್ತು ಮಾರಾಯ. ಪ್ರೊಸ್ಪೆರೊ ಕುಡಿದು ಹೊಳೆಗೆ ಬಿದ್ದ. ನನ್ನ ಕುಂಚ ಏನು ಮಾಡ್ತು?”

ಹೋದ ವಾರವಷ್ಟೇ ವೈದ್ಯ ಸಿಲ್ವೇರಿಯೊನ ಎದೆಗೆ ಕಿವಿಯಿಟ್ಟು, ಏನೂ ಹೇಳದೆ ಎದ್ದು ಹೋಗಿದ್ದ. ಅಂದಿನಿಂದ ಅವನಿಗೆ ಸಾವೆಂದರೆ ಭಯ, ಅದನ್ನು ಹೇಳಿಕೊಳ್ಳಲು ಇನ್ನೂ ಭಯ. ಜೀವಮಾನವೆಲ್ಲ ಪಾಳುಗುಡಿ, ಗೋರಿ ಬರೆದೇ ಉಂಡವನಿಗೆ ಇದು ಬೇರೆ ಕೇಡು!

“ಒರೆಸ್ತೀಯೋ ಇಲ್ವೋ?”

ತದ್ದೇಯೊ ಗೊಣಗುತ್ತ ಬಟ್ಟೆಯನ್ನು ಎಣ್ಣೆಯಲ್ಲದ್ದಿ ಉಜ್ಜಿದ. ಬಣ್ಣ ಇನ್ನೂ ಹಸಿ. ಮುದುಕ ಟೋಪಿ ಸಮೇತ ಬಟ್ಟೆಗೆ ಬಂದ. ಕೆಳಗೆ ಒಣಗಿದ್ದ ಹುಲ್ಲು ಹಾಗೇ ಇತ್ತು.

ಸಿಲ್ವೇರಿಯೊ ನೆಮ್ಮದಿಯ ಉಸಿರು ಬಿಟ್ಟು ನೋಡಿದ. ಮತ್ತೆ ನೋಡಿದ. ಮೇಕೆಗಳು ಮೇಯುತ್ತಿದ್ದವು. ಒಬ್ಬಳು ಕೊಡ ಹೊತ್ತು ಹೊಳೆಗೆ ಹೊರಟಿದ್ದಳು. ಗೋರಿಯ ಮೇಲೆ ಸಂಜೆಬಿಸಿಲು ಬೆಚ್ಚಗೆ ಬಿದ್ದಿತ್ತು. ಅಲ್ಲಿ ಯಾರೋ ಕೂತಿದ್ದರೆಂಬ ಗುರುತೇ ಇರಲಿಲ್ಲ.

“ಥೂ ಇವುಗಳ! ಒಂದು ಮೇಕೆಯಾದ್ರೂ ತಲೆ ಎತ್ತಿ ನೋಡಬಾರ್ದಾ?” ಎಂದು ಬೈದ. “ನಾನಿಲ್ದಿದ್ರೂ ಎಲ್ಲ ಎಷ್ಟು ಚೆನ್ನಾಗಿದೆ ನೋಡೋ.”

ತದ್ದೇಯೊ ಎಣ್ಣೆಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ.

“ಕೂರಿಸು,” ಎಂದ ಸಿಲ್ವೇರಿಯೊ. “ಅಲ್ಲೇ ಕೂರಿಸು. ಕೈಗೊಂದು ರೊಟ್ಟಿ ಕೊಡು, ಪಕ್ಕದಲ್ಲಿ ವೈನ್ ಇಡು. ಮೂಗು ಸ್ವಲ್ಪ ತಗ್ಗಿಸು.”

“ಮೂಗು ತಗ್ಗಿಸಿದ್ರೆ ನೀನೇ ಅಂತ ಯಾರಿಗೆ ಗೊತ್ತಾಗುತ್ತೆ?”

ಮುದುಕ ಮತ್ತೆ ಗೋರಿಗೆ ಒರಗಿ ಕೂತ. ಹೊರಗೆ ಕಾರ್ಡಿನಲರ ಗಾಡಿ ಬಂದು ನಿಂತಿತು. ತದ್ದೇಯೊ ಮಾತ್ರ ಕುಂಚ ಕೆಳಗಿಡಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತನ್ನದೇ ಬೊಕ್ಕತಲೆ, ತನ್ನದೇ ಡೊಳ್ಳುಹೊಟ್ಟೆಯ ಇನ್ನೊಬ್ಬ ಮುದುಕನನ್ನು ಪಕ್ಕದಲ್ಲಿ ಬರೆಯತೊಡಗಿದ.

“ಏ, ಏನ್ಮಾಡ್ತಿದ್ದೀಯ? ನಿಂಗೇನು ಬಂತೋ ಕೇಡು?”

“ಜರುಗು ಅತ್ಲಾಗೆ,” ಎಂದ ತದ್ದೇಯೊ. “ಒಬ್ನೇ ಕೂತ್ರೆ ಯಾರ ಜೊತೆ ಜಗಳ ಆಡ್ತೀಯ?”