ಕೂತಲ್ಲೇ ಹನ್ನೆರಡು ಸಾವಿರ ಹೆಜ್ಜೆ

"ಹನ್ನೆರಡು ಸಾವಿರದ ನಾನೂರು ಹೆಜ್ಜೆ!" ಮಗಳು ಫೋನನ್ನು ಅಮ್ಮನ ಮುಖಕ್ಕೆ ಹಿಡಿದಳು. "ನೋಡಮ್ಮ, ಅಪ್ಪ ಇವತ್ತೂ ಗುರಿ ದಾಟಿದ್ದಾರೆ."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದರ್ಜಿ ಎದೆಯುಬ್ಬಿಸಿದ. ಎದೆಗಿಂತ ಹೊಟ್ಟೆಯೇ ಮುಂದೆ ಬಂತು. ತಿಂಗಳ ಹಿಂದೆ ಡಾಕ್ಟರು ಸ್ಕ್ಯಾನ್ ನೋಡಿ, ಲಿವರಿನಲ್ಲಿ ಕೊಬ್ಬು ತುಂಬಿದೆ, ಹೀಗೇ ಬಿಟ್ಟರೆ ಕೆಟ್ಟುಹೋದೀತು, ನಡೆದು ತೂಕ ಇಳಿಸಿ ಎಂದಿದ್ದರು. ಅಂದಿನಿಂದ ಆಸ್ಪತ್ರೆಯ ನರ್ಸಮ್ಮ ಪ್ರತಿ ಸೋಮವಾರ ಫೋನ್ ಮಾಡಿ ಹುರಿದುಂಬಿಸುತ್ತಿದ್ದರು. ಉಳಿದ ರೋಗಿಗಳಿಗೆಲ್ಲ ಇವನದೇ ಉದಾಹರಣೆಯಂತೆ.

ಹೆಂಡತಿಗೆ ಮಾತ್ರ ಅನುಮಾನ. "ಅಲ್ಲಾ ರೀ, ಬೆಳಗ್ಗೆಯಿಂದ ಕೂತಲ್ಲಿಂದ ಎದ್ದಿಲ್ಲ. ಇಷ್ಟು ಎಲ್ಲಿ ನಡೆದ್ರಿ? ತೂಕವಂತೂ ಒಂದು ಚೂರೂ ಇಳಿದಿಲ್ಲ."

"ಫೋನ್ ಸುಳ್ಳು ಹೇಳುತ್ತದೇನೇ?" ಎಂದು ಅವನು ಅದನ್ನು ಪ್ಯಾಂಟಿನ ಜೇಬಿಗೆ ಸೇರಿಸಿ ಮೆಷಿನ್ ತುಳಿಯತೊಡಗಿದ. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಮಗಳು ಫೋನ್ ಎಳೆದು ನೋಡಿದಳು. ಇನ್ನೂರು ಹೆಜ್ಜೆ ಏರಿತ್ತು!

ತಾಯಿ ಮಗಳು ಬಿದ್ದು ಬಿದ್ದು ನಕ್ಕರು. ದರ್ಜಿ ಇಂಗು ತಿಂದ ಮಂಗನಂತಾದ. ಕಾಲು ಆಡಿದರೆ ಸಾಕೆಂದು ಪಾಪ, ನಿಜವಾಗಿಯೂ ನಂಬಿದ್ದ. ನಾಳೆ ಸೋಮವಾರ. ಬಾಯಿ ಮುಚ್ಚಿಕೊಂಡಿದ್ದರೆ ಮಾನವೇನೋ ಉಳಿದೀತು, ಲಿವರ್ ಉಳಿಯಬೇಕಲ್ಲ!

ಮರುದಿನ ಫೋನ್ ಬಂದಾಗ ಎಲ್ಲ ಒಪ್ಪಿಕೊಂಡ. ನರ್ಸಮ್ಮ ಮೊದಲು ಮನಸಾರೆ ನಕ್ಕರು. "ಆದ್ರೂ ಒಂದು ದಿನ ತಪ್ಪದೆ ಲೆಕ್ಕ ಇಟ್ಟಿದ್ದೀರಲ್ಲ ಅಣ್ಣಾ, ಆ ಹಟ ಸುಳ್ಳಲ್ಲ. ಇವತ್ತು ಅಂಗಡಿಯಿಂದ ಆಚೆ ಹತ್ತೇ ನಿಮಿಷ ನಡೀರಿ. ಆಮೇಲೆ ನೀವೇ ನಂಗೆ ಫೋನ್ ಮಾಡಿ."

ಮಾಡಿದ. ಮರುದಿನವೂ ಮಾಡಿದ. ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ತಾನೇ ಹೊತ್ತು ನಡೆದ. ಹೆಂಡತಿ ಕಾವಲಿಗೆಂದು ಜೊತೆಗೆ ಹೊರಟಳು, ಇವನನ್ನು ನಂಬುವುದುಂಟೇ? ಐದು ತಿಂಗಳಲ್ಲಿ ತನ್ನ ಪ್ಯಾಂಟುಗಳ ಸೊಂಟವನ್ನೇ ಮೂರು ಸಲ ಚಿಕ್ಕದು ಮಾಡಿಕೊಂಡ. ಎರಡನೆಯ ಸ್ಕ್ಯಾನ್ ನೋಡಿದ ಡಾಕ್ಟರು, "ಕೊಬ್ಬು ಅರ್ಧಕ್ಕರ್ಧ ಇಳಿದಿದೆ" ಎಂದರು. ನರ್ಸಮ್ಮ ಎಲ್ಲರೆದುರು ಚಪ್ಪಾಳೆ ತಟ್ಟಿದಾಗ ಅವನು ಮತ್ತೆ ಎದೆಯುಬ್ಬಿಸಿದ.

ಅಲ್ಲಿಂದ ನೇರ ವಕೀಲರೊಬ್ಬರ ಕೋಟು ಕೊಡಲು ಹೋದ. ನಾಲ್ಕನೆಯ ಮಹಡಿ. ಬಾಗಿಲು ತೆಗೆದ ವಕೀಲರು ಗಾಬರಿಯಾದರು. "ಅಯ್ಯೋ, ಲಿಫ್ಟ್ ಕೆಟ್ಟಿದೆಯಲ್ರೀ! ಹೇಗೆ ಬಂದ್ರಿ?"

"ಹೌದಾ ಸಾರ್?" ಎಂದ ದರ್ಜಿ. "ನಾನು ಆ ಕಡೆ ನೋಡ್ಲೇ ಇಲ್ಲ."

"ರೀ... ಸ್ವಲ್ಪ ನಿಲ್ರೀ!" ಮೆಟ್ಟಿಲ ಕೆಳಗಿನಿಂದ ಕೂಗು ಬಂತು.

ಅವನು ಕಂಬಿಯ ಮೇಲೆ ಬಾಗಿ ನೋಡಿದ. ಎರಡು ಮಹಡಿ ಕೆಳಗೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು, ಏದುಸಿರು ಬಿಡುತ್ತ ಅವನನ್ನೇ ನೋಡುತ್ತಿದ್ದಳು. ಅವಳ ಬೆವೆತ ಮುಖದ ತುಂಬ ನಗು.